ಬರೆದುಕೊಟ್ಟ ಹೆಸರು

ಫೋನು ಬಂದಾಗ ಗುಲಾಬಿ ಅಡುಗೆಮನೆಯ ನೆಲ ಒರೆಸುತ್ತಿದ್ದಳು. ಮಂಡಿಯೂರಿ, ಬರಿಗೈಯಲ್ಲಿ. ಉದ್ದ ಕೋಲಿನ ಮಾಪು ಆ ಮನೆಯಲ್ಲಿತ್ತು. ಅದರಲ್ಲಿ ಒರೆಸಿದರೆ ಮೂಲೆಯ ಕೊಳೆ ಹೋಗುವುದಿಲ್ಲ ಎಂದು ವರಲಕ್ಷ್ಮಿ ಅದನ್ನು ಗರಾಜಿನಲ್ಲಿ ಒರಗಿಸಿಟ್ಟಿದ್ದಳು.

ವರಲಕ್ಷ್ಮಿಯೇ ಫೋನು ಎತ್ತಿಕೊಂಡಳು. ಇಂಗ್ಲಿಷಿನಲ್ಲಿ ಎರಡು ಮಾತಾಡಿದಳು. ಆಮೇಲೆ ರಿಸೀವರಿಗೆ ಕೈ ಅಡ್ಡ ಹಿಡಿದು ಕೆಳಗೆ ನೋಡಿದಳು.

"ಯಾರೋ ಲೇಡಿ. ನಿನ್ನ ಕೇಳ್ತಿದಾಳೆ. ಪರ್ಸನಲ್ ಅಂತೆ. ನಿಂಗೇನೇ ಪರ್ಸನಲ್ಲು?"

ಗುಲಾಬಿ ಎದ್ದು ಕೈ ಒರೆಸಿಕೊಳ್ಳುವುದರೊಳಗೆ ವರಲಕ್ಷ್ಮಿ ಒಂದು ನಂಬರು ಬರೆದುಕೊಂಡು ಫೋನು ಇಟ್ಟಾಗಿತ್ತು. ಐದು ನಿಮಿಷದ ಮೇಲೆ ವರಲಕ್ಷ್ಮಿ ತಾನೇ ಆ ನಂಬರಿಗೆ ಫೋನು ಮಾಡಿದಳು. ಅದು ಕೌಂಟಿಯ ಆರೋಗ್ಯ ಇಲಾಖೆಯ ನಂಬರಾಗಿತ್ತು. ಗುಲಾಬಿಯ ವಿಷಯ ಗುಲಾಬಿಗೆ ಮಾತ್ರ ಹೇಳುತ್ತೇವೆ, ಅವಳೇ ಬರಲಿ ಎಂದರಂತೆ.

"ಏನು ಮಾಡ್ಕೊಂಡಿದೀಯ?" ಎಂದು ವರಲಕ್ಷ್ಮಿ ಕೇಳಿದಳು.

"ಎಂತದ್ದೂ ಇಲ್ಲ ಅಮ್ಮ."

"ಏನೂ ಇಲ್ದೆ ಹೆಲ್ತ್ ಡಿಪಾರ್ಟ್‌ಮೆಂಟ್‌ನವರು ಫೋನ್ ಮಾಡ್ತಾರಾ? ನನ್ನ ಮಗು ಮುಟ್ಟೋ ಕೈ ಅದು."

ಗುಲಾಬಿ ಮತ್ತೆ ಮಂಡಿಯೂರಿ ಬಟ್ಟೆ ಹಿಂಡಿದಳು. ಅವಳಿಗೆ ಒಳಗೊಳಗೇ ಗೊತ್ತಾಗಿತ್ತು. ಅವಳ ಮೈಗೆ ಸಂಬಂಧಪಟ್ಟದ್ದು ಈ ದೇಶದಲ್ಲಿ ಒಂದೇ ಒಂದು ನಡೆದಿತ್ತು.

ಅಮೆರಿಕದ ಎಲಿಕಾಟ್ ಸಿಟಿಯ ಆ ಮನೆ ಕೇಶವಮೂರ್ತಿಯದು. ಆತ ವಾಷಿಂಗ್ಟನ್ನಿನಲ್ಲಿ ಹತ್ತಾರು ದೇಶಗಳಿಗೆ ಸೇರಿದ ದೊಡ್ಡ ಸಂಸ್ಥೆಯೊಂದರಲ್ಲಿ ಅಧಿಕಾರಿ. ತಿಂಗಳಲ್ಲಿ ಅರ್ಧ ಆಫ್ರಿಕಾದಲ್ಲಿರುತ್ತಿದ್ದ. ಬಡತನ ಕಡಿಮೆ ಮಾಡುವುದು ಹೇಗೆ ಎಂದು ವರದಿ ಬರೆಯುವುದು ಆತನ ಕೆಲಸ. ಹೆಂಡತಿ ವರಲಕ್ಷ್ಮಿ, ಮೈಸೂರಿನವಳು. ಏಳು ವರ್ಷದ ಮಗಳು ಮಾನ್ಯಾ. ಇಂಥ ಅಧಿಕಾರಿಗಳು ಊರಿನಿಂದ ಒಬ್ಬ ಕೆಲಸದವರನ್ನು ಕರೆತರಲು ಬೇರೆಯೇ ವೀಸಾ ಇತ್ತು. ಎರಡು ವರ್ಷದ ಹಿಂದೆ ಹಾಗೆ ಬಂದವಳು ಗುಲಾಬಿ. ಕಾರ್ಕಳದ ಹತ್ತಿರದ ದಲಿತ ಮುಗೇರರ ಕಾಲನಿಯವಳು, ಶೀನಪ್ಪನ ಮಗಳು. ಮೂವತ್ತೊಂದು ವರ್ಷ. ಬೀಡಿ ಕಟ್ಟುತ್ತಿದ್ದಳು. ಮದುವೆಯಾಗಿ ಮೂರನೆಯ ವರ್ಷ ಗಂಡ ಮುಂಬೈಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ.

ಈ ಮನೆಯಲ್ಲಿ ಬೆಳಗಿನ ಆರರಿಂದ ಅವಳ ಕೆಲಸ. ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ಅವಳ ಹಾಸಿಗೆ. ಅವಳ ತಟ್ಟೆ, ಲೋಟ ಸಿಂಕಿನ ಕೆಳಗೆ, ಪಾತ್ರೆ ತಿಕ್ಕುವ ಪುಡಿಯ ಪಕ್ಕ. ತರಕಾರಿ ಹೆಚ್ಚಬಹುದು, ಒಗ್ಗರಣೆ ಹಾಕಬಾರದು. ಮಾನ್ಯಾಳ ಕುಂಡೆ ತೊಳೆಯಬಹುದು, ದೇವರ ಮನೆಯ ಹೊಸಿಲು ತೊಳೆಯಬಾರದು. ಈ ನಿಯಮಗಳನ್ನು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಮೊದಲ ವಾರ ವರಲಕ್ಷ್ಮಿ "ಬೇಡ ಬೇಡ, ಅದು ಬಿಡು" ಎಂದು ನಗುತ್ತಾ ಕೈಯಿಂದ ಕಿತ್ತುಕೊಂಡ ವಸ್ತುಗಳಿಂದಲೇ ಗುಲಾಬಿ ಕಲಿತಿದ್ದಳು.

ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬಕ್ಕೆ, ಆ ಮನೆಗೆ ತ್ಯಾಗರಾಜ ಅಡುಗೆಗೆ ಬಂದ. ಒಬ್ಬ ಕೇಟರಿಂಗ್ ಸಾಹುಕಾರನ ಕೈಕೆಳಗೆ ದುಡಿಯುತ್ತಿದ್ದ. ಕನ್ನಡದವರ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ ಎಲ್ಲಿದ್ದರೆ ಅಲ್ಲಿಗೆ ಬಿಳಿ ವ್ಯಾನಿನಲ್ಲಿ ಪಾತ್ರೆ ಹೇರಿಕೊಂಡು ಹೋಗುವವನು. ಇವತ್ತು ಶ್ಯಾಂಟಿಲಿ, ಮುಂದಿನ ವಾರ ಚಾರ್ಲಟ್, ಅದರ ಮುಂದಿನ ವಾರ ಅಟ್ಲಾಂಟಾ. ಬ್ರಾಹ್ಮಣ ಅಡುಗೆಯವನಾದ್ದರಿಂದ ಮನೆಯ ಮೂಲೆ ಮೂಲೆಗೂ ಅವನಿಗೆ ಪ್ರವೇಶವಿತ್ತು. ನಗುಮುಖದವನು. ನೂರು ಜನರ ಹುಳಿಯನ್ನು ಒಬ್ಬನೇ ಎತ್ತಿ ಇಳಿಸುವ ತೋಳು.

ಮೊದಲ ದಿನ ಬಾಯಾರಿದಾಗ ಅವನು ಸಿಂಕಿನ ಕೆಳಗಿಂದ ಗುಲಾಬಿಯ ಲೋಟವನ್ನೇ ತೆಗೆದು ನೀರು ಕುಡಿದ.

"ಅದು ನನ್ನದು," ಎಂದಳು ಗುಲಾಬಿ. ಹೆದರಿದ್ದಳು.

"ಗೊತ್ತು ಬಿಡು," ಎಂದ ತ್ಯಾಗರಾಜ.

ಅಷ್ಟು ಸಾಕಾಯಿತು ಅವಳಿಗೆ. ಎರಡು ವರ್ಷದಿಂದ ಅವಳನ್ನು ಯಾರೂ ಮುಟ್ಟಿರಲಿಲ್ಲ, ಏಳು ವರ್ಷದ ಮಗುವೊಂದನ್ನು ಬಿಟ್ಟು. ಹಬ್ಬ ಕಳೆದ ಶನಿವಾರ ಮಧ್ಯಾಹ್ನ ಮನೆಯವರು ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದರು. ತ್ಯಾಗರಾಜ ಪಾತ್ರೆ ಒಯ್ಯಲು ಬಂದ. ಬೇಸ್‌ಮೆಂಟಿಗೆ ಇಳಿದ. ಗುಲಾಬಿಗೆ ಯಾರೂ ಬಲವಂತ ಮಾಡಲಿಲ್ಲ. ಅವಳಿಗೇ ಬೇಕಿತ್ತು. ಅದನ್ನು ಅವಳು ಆಮೇಲೂ ಅಲ್ಲಗಳೆಯಲಿಲ್ಲ.

ಒಂದೇ ಸಲ. ಅಷ್ಟೇ.

ಆ ನಂತರದ ಆರು ವಾರ ಗುಲಾಬಿ ಬೆಂದಳು. ದಸರೆಯ ಗೊಂಬೆ ಕೂರಿಸಿದಾಗ ತ್ಯಾಗರಾಜ ಮತ್ತೆ ಅಡುಗೆಗೆ ಬಂದ. ಅವಳ ಮುಖ ನೋಡಲಿಲ್ಲ. ಲೋಟ ಕೇಳಲಿಲ್ಲ. ಕಾಫಿ ಬೆರೆಸಿ ಮೇಲಿನ ಕೋಣೆಗೆ ತಾನೇ ಒಯ್ದು ಕೊಟ್ಟ. ಗುಲಾಬಿ ಕೇಳಿದ ಮಾತಿಗೆ "ಅಟ್ಲಾಂಟಾಗೆ ಹೋಗೋದಿದೆ, ಲೇಟಾಯ್ತು" ಎಂದ. ಹಾಗಾದರೆ ಅಟ್ಲಾಂಟಾದಲ್ಲಿ ಒಬ್ಬಳಿದ್ದಾಳೆ ಎಂದು ಅವಳು ತೀರ್ಮಾನಿಸಿದಳು. ಬಟ್ಟೆ ಮಡಚುವಾಗ, ಸ್ನಾನದ ತೊಟ್ಟಿ ಉಜ್ಜುವಾಗ, ಆ ಹೆಂಗಸಿಗೆ ಒಂದೊಂದೇ ಅಂಗ ಕೂಡಿಸಿದಳು. ಬೆಳ್ಳಗಿರುತ್ತಾಳೆ. ಕೂದಲು ಕತ್ತರಿಸಿರುತ್ತಾಳೆ. ಸ್ವಂತ ಕಾರು ಇರುತ್ತದೆ. ಕೈಗೆ ಬ್ಲೀಚಿನ ವಾಸನೆ ಇರುವುದಿಲ್ಲ. ಅವಳ ಮೈಮೇಲೆ ಅವನ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಗುಲಾಬಿಗೆ ಲೆಕ್ಕ ತಪ್ಪದೆ ಗೊತ್ತಿತ್ತು. ತನ್ನ ಮೈಮೇಲೆ ಹೋದಲ್ಲೆಲ್ಲ. ಹಲ್ಲು ಕಚ್ಚಿ ತೊಟ್ಟಿಯನ್ನು ಇನ್ನಷ್ಟು ಉಜ್ಜುತ್ತಿದ್ದಳು.

ನಡುವೆ ಒಂದು ದಿನ ತೊಡೆಸಂದಿಯಲ್ಲಿ ಸಣ್ಣ ಹುಣ್ಣೊಂದು ಎದ್ದಿತ್ತು. ನೋವಿರಲಿಲ್ಲ. ತಾನಾಗಿ ಒಣಗಿತು. ಅವಳು ಅದನ್ನು ಮರೆತಳು.

ಫೋನು ಬಂದದ್ದು ನವೆಂಬರಿನ ಮೊದಲ ಸೋಮವಾರ. ಬುಧವಾರ ವರಲಕ್ಷ್ಮಿ ಗುಲಾಬಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಆರೋಗ್ಯ ಇಲಾಖೆಯ ಕ್ಲಿನಿಕ್ಕಿಗೆ ಹೊರಟಳು. ಹಿಂದಿನ ಸೀಟಿಗೆ ಹಳೆಯ ಟವೆಲು ಹಾಸಿದ್ದಳು.

"ನಿಂಗೆ ಇಂಗ್ಲಿಷ್ ಬರಲ್ಲ. ನಾನೇ ಟ್ರಾನ್ಸ್‌ಲೇಟ್ ಮಾಡ್ತೀನಿ," ಎಂದಳು. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನೋಡುತ್ತಾ, "ಯಾರೇ ಅವನು?" ಎಂದಳು.

ಗುಲಾಬಿ ಕಿಟಕಿಯ ಹೊರಗೆ ನೋಡಿದಳು.

"ನಿನ್ನನ್ನೇ ಕೇಳ್ತಿರೋದು. ನಮ್ಮವರಾ?"

"ಅಯ್ಯೋ, ಸಾರ್ ಅಲ್ಲ ಅಮ್ಮ!"

"ಮತ್ತೆ ಯಾರು?"

ವರಲಕ್ಷ್ಮಿ ಮುಂದಿನ ಸಿಗ್ನಲಿನಲ್ಲಿ ಬ್ರೇಕನ್ನು ಗಕ್ಕನೆ ಒತ್ತಿದಳು. ಗಂಡ ಅಲ್ಲ ಎಂದು ತಿಳಿದರೂ ಅವಳ ಮುಖ ಸಡಿಲಾಗಲಿಲ್ಲವೇಕೆ ಎಂದು ಗುಲಾಬಿಗೆ ಆಗ ಹೊಳೆಯಲಿಲ್ಲ.

ಕ್ಲಿನಿಕ್ಕಿನ ನರ್ಸ್ ಬರ್ನೀಸ್ ಕಪ್ಪು ಹೆಂಗಸು, ಐವತ್ತು ದಾಟಿದವಳು. ದಪ್ಪ ಕನ್ನಡಕ. ಮೂವರೂ ಒಂದು ಸಣ್ಣ ಕೋಣೆಯಲ್ಲಿ ಕುಳಿತರು. ಬರ್ನೀಸ್ ಗುಲಾಬಿಯ ಕಡೆಗೇ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು. ಕಳೆದ ಮೂರು ತಿಂಗಳಲ್ಲಿ ಎಷ್ಟು ಜನರ ಜೊತೆ?

ವರಲಕ್ಷ್ಮಿ ಕನ್ನಡ ಮಾಡಿದಳು. "ಯಾವಾಗಿಂದ ನಡೀತಿದೆ ಅಂತ ಕೇಳ್ತಿದಾರೆ."

ಗುಲಾಬಿ ತಲೆ ಎತ್ತಿದಳು. ಎರಡು ವರ್ಷ ಅವಳು ಮಾನ್ಯಾಳ ಪಕ್ಕ ಕುಳಿತು ಹೋಮ್‌ವರ್ಕು ನೋಡಿದ್ದಳು. ನರ್ಸ್ ಹೇಳಿದ್ದು 'ಹೌ ಮೆನಿ'. ಎಷ್ಟು ಸೇಬು, ಎಷ್ಟು ಬಾತುಕೋಳಿ. ಯಾವಾಗ ಎಂದಲ್ಲ.

"ಒಂದೇ ಸಲ," ಎಂದಳು.

ಕಾಂಡೋಮ್ ಬಳಸಿದ್ದಿರಾ ಎಂದು ಬರ್ನೀಸ್ ಕೇಳಿದಳು.

"ಎಲ್ಲಿ ನಡೀತು ಅಂತೆ. ನನ್ನ ಮನೇಲೇನಾ?"

ಕಾಂಡೋಮ್ ಎಂಬ ಶಬ್ದ ಗುಲಾಬಿಗೆ ಕೇಳಿಸಿತ್ತು. ಊರಿನ ಆಸ್ಪತ್ರೆಯ ಗೋಡೆಯ ಮೇಲೂ ಅದೇ ಇತ್ತು. ವರಲಕ್ಷ್ಮಿಯ ಕನ್ನಡದಲ್ಲಿ ಅದು ಇರಲಿಲ್ಲ. ಗುಲಾಬಿ ನರ್ಸಿನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಬರ್ನೀಸ್ ಬರೆದುಕೊಂಡಳು. ಹುಣ್ಣು, ಗಾಯ ಏನಾದರೂ ಕಂಡಿತ್ತೇ ಎಂದಳು.

ವರಲಕ್ಷ್ಮಿ ಕುರ್ಚಿಯ ತುದಿಗೆ ಬಂದಿದ್ದಳು. ಅವಳ ದನಿ ತೆಳ್ಳಗಾಗಿತ್ತು.

"ತ್ಯಾಗರಾಜ ನಿನ್ನ ಹತ್ರ ಏನು ಹೇಳ್ದ? ಅವನೇ ಬಂದನಾ, ನೀನೇ ಕರೆದ್ಯಾ?"

ಕೋಣೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ನರ್ಸ್ ಎತ್ತಿರಲಿಲ್ಲ. ಗುಲಾಬಿ ಎತ್ತಿರಲಿಲ್ಲ.

ಗುಲಾಬಿ ವರಲಕ್ಷ್ಮಿಯ ಮುಖವನ್ನು ನೋಡಿದಳು. ಬಿಗಿದ ದವಡೆ. ಉರಿಯುವ ಕಣ್ಣು. ಮೂಗಿನ ಹೊಳ್ಳೆ ಅದುರುತ್ತಿತ್ತು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆರು ವಾರದಿಂದ ಬೇಸ್‌ಮೆಂಟಿನ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ ಮುಖ.

ಮೇಲಿನ ಕೋಣೆಗೆ ಹೋದ ಕಾಫಿ. ಅಟ್ಲಾಂಟಾದಲ್ಲಿ ಯಾರೂ ಇರಲಿಲ್ಲ. ಹದಿಮೂರು ಮೆಟ್ಟಿಲು ಮೇಲೆಯೇ ಇದ್ದಳು.

ಗುಲಾಬಿ ಮನಸ್ಸಿನಲ್ಲೇ ಎಣಿಸಿದಳು. ಇವಳಿಗೆ ಗಂಡನಿದ್ದಾನೆ. ಮಗುವಿದೆ. ಕಾರಿದೆ. ಮೂರು ಸ್ನಾನದ ಕೋಣೆಯಿದೆ. ನನಗೆ ಅಂತ ಇದ್ದದ್ದು ಒಂದು ಮಧ್ಯಾಹ್ನ. ಅದರಲ್ಲೂ ಇವಳಿಗೆ ಪಾಲು ಬೇಕಿತ್ತೇ?

"ನೋ," ಎಂದಳು ಗುಲಾಬಿ. ಎರಡು ವರ್ಷದಲ್ಲಿ ಆ ಶಬ್ದವನ್ನು ದೊಡ್ಡವರ ಮುಂದೆ ಅವಳು ಅಂದದ್ದು ಅದೇ ಮೊದಲು. ನರ್ಸಿನ ಕಡೆ ತಿರುಗಿದಳು. "ಷಿ ಗೋ. ಔಟ್. ಐ ಟಾಕ್."

"ಏನೇ ಇದು?" ಎಂದಳು ವರಲಕ್ಷ್ಮಿ. ಆಮೇಲೆ ಇಂಗ್ಲಿಷಿನಲ್ಲಿ ನರ್ಸಿಗೆ, ಇವಳು ನನ್ನ ಮನೆಯ ಕೆಲಸದವಳು, ಇವಳಿಗೆ ನಾನೇ ಜವಾಬ್ದಾರಿ ಎಂದಳು.

ಬರ್ನೀಸ್ ಎದ್ದು ಬಾಗಿಲು ತೆರೆದಳು. "ಇಲ್ಲಿ ಇವಳು ನನ್ನ ಪೇಷೆಂಟು. ನೀವು ಹೊರಗಿರಿ, ಮೇಡಂ."

ವರಲಕ್ಷ್ಮಿ ಹೊರಗೆ ಹೋದಳು.

ಆಮೇಲಿನ ಅರ್ಧ ಗಂಟೆ ಗುಲಾಬಿ ತನ್ನ ಮೈಯ ಬಗ್ಗೆ ತಾನೇ ಮಾತಾಡಿದಳು. ಬರ್ನೀಸ್ ಗೋಡೆಯ ಕ್ಯಾಲೆಂಡರ್ ಇಳಿಸಿ ಮುಂದಿಟ್ಟಳು. ಗುಲಾಬಿ ಆ ಶನಿವಾರದ ಮೇಲೆ ಬೆರಳಿಟ್ಟಳು. ಬರ್ನೀಸ್ ಚಿತ್ರಗಳ ಪುಸ್ತಕ ತೆಗೆದಳು. ಗುಲಾಬಿ ನೋವಿಲ್ಲದ ಹುಣ್ಣಿನ ಚಿತ್ರ ತೋರಿಸಿದಳು. ಎರಡನೆಯ ಹಂತ ಹೀಗಿರುತ್ತದೆ ಎಂದು ಬರ್ನೀಸ್ ಪುಟ ತಿರುಗಿಸಿದಳು. ಅಂಗೈ, ಅಂಗಾಲಿನ ಮೇಲೆ ತಾಮ್ರದ ಬಣ್ಣದ ಚುಕ್ಕೆ. ಇದೂ ತಾನಾಗಿ ಹೋಗುತ್ತದೆ, ಆದರೆ ರೋಗ ಹೋಗುವುದಿಲ್ಲ, ವರ್ಷಗಟ್ಟಲೆ ಒಳಗೇ ಇದ್ದು ಕಣ್ಣು, ಮೆದುಳು ತಿನ್ನುತ್ತದೆ ಎಂದು ಕೈಸನ್ನೆಯಲ್ಲಿ ತಿಳಿಸಿದಳು. ಸಿಫಿಲಿಸ್ ಎಂದಳು. ಊರಲ್ಲಿ ಪರಂಗಿ ಹುಣ್ಣು ಎನ್ನುತ್ತಿದ್ದದ್ದು ಇದೇ ಎಂದು ಗುಲಾಬಿಗೆ ಅರ್ಥವಾಯಿತು.

ಒಳಗಿನ ಕೋಣೆಯಲ್ಲಿ ಪರೀಕ್ಷೆ ಮಾಡಿದರು. ತೋಳಿನಿಂದ ರಕ್ತ ತೆಗೆದರು. ಸಂಪರ್ಕವಾಗಿ ಮೂರು ತಿಂಗಳೊಳಗಿದ್ದರೆ ರಕ್ತದ ಫಲ ಬರುವವರೆಗೆ ಕಾಯುವುದಿಲ್ಲ, ಇವತ್ತೇ ಔಷಧಿ ಎಂದು ಬರ್ನೀಸ್ ಎರಡು ಕುಂಡೆಗೂ ಒಂದೊಂದು ಸೂಜಿ ಚುಚ್ಚಿದಳು. ಕಾದ ಸೀಸ ಹೊಯ್ದ ಹಾಗಾಯಿತು. ಏಡ್ಸಿನ ಪರೀಕ್ಷೆ ಬೇರೆ. ಅದಕ್ಕೆ ಹೆಸರಿಲ್ಲ, ಚೀಟಿಯ ಮೇಲೊಂದು ನಂಬರು ಮಾತ್ರ. ಎರಡು ವಾರ ಬಿಟ್ಟು ಖುದ್ದಾಗಿ ಬರಬೇಕು. ಈಗ ಇಲ್ಲ ಎಂದು ಬಂದರೂ ಡಿಸೆಂಬರ್ ಕೊನೆಗೆ ಇನ್ನೊಮ್ಮೆ ನೋಡಬೇಕು.

"ಹೀ," ಎಂದಳು ಗುಲಾಬಿ. "ಮೈ ನೇಮ್, ಹೀ ಗಿವ್?"

"ನಾನು ಹೇಳುವಂತಿಲ್ಲ," ಎಂದಳು ಬರ್ನೀಸ್. "ನಿನ್ನ ಹೆಸರನ್ನೂ ಯಾರಿಗೂ ಹೇಳುವುದಿಲ್ಲ." ಆಮೇಲೆ ಪೆನ್ನು ಹಿಡಿದು ಕೇಳಿದಳು. ಈ ಸೂಜಿ ಬೇಕಾಗಬಹುದಾದವರು ಬೇರೆ ಯಾರಾದರೂ ನಿನಗೆ ಗೊತ್ತೇ?

ಗುಲಾಬಿ ಮುಚ್ಚಿದ ಬಾಗಿಲಿನ ಕಡೆ ನೋಡಿದಳು. ಆಚೆ ಅವಳು ಕುಳಿತಿದ್ದಳು. ಒಂದು ಹೆಸರು ಹೇಳಿದರೆ ಅವಳಿಗೂ ಔಷಧಿ ಸಿಗುತ್ತಿತ್ತು.

ಸಿಗದಿರಲಿ. ತಿನ್ನಲಿ. ಕಣ್ಣು ತಿನ್ನಲಿ.

"ನೋ," ಎಂದಳು ಗುಲಾಬಿ.

ಮನೆಗೆ ಬಂದ ಮೇಲೆ ವರಲಕ್ಷ್ಮಿ ಏನನ್ನೂ ಕೇಳಲಿಲ್ಲ. ತನ್ನ ಬಾಯಿಂದ ಹೆಸರು ಜಾರಿದ್ದು ಅವಳಿಗೂ ತಿಳಿದಿತ್ತು. ಕೇಳುವ ಬದಲು ಕೆಲಸ ಹೇಳಿದಳು. ಸೋಫಾದ ಹೊದಿಕೆಗಳನ್ನೆಲ್ಲ ಬ್ಲೀಚಿನಲ್ಲಿ ನೆನೆಸು. ನೀನು ಮುಟ್ಟಿದ ಬಾಗಿಲ ಹಿಡಿಗಳನ್ನೆಲ್ಲ ಒರೆಸು. ಬೇಸ್‌ಮೆಂಟಿನ ಕಕ್ಕಸು ಬಿಟ್ಟು ಬೇರೆಲ್ಲೂ ಹೋಗಬೇಡ. ಮಾನ್ಯಾಳ ಹತ್ತಿರ ಸುಳಿಯಬೇಡ. ಮಗು ಬೆಳಿಗ್ಗೆ ಬಾಚಣಿಗೆ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು "ಗುಲಾಬಿ, ಮೈ ಹೇರ್!" ಎಂದು ಕೂಗಿದರೆ ತಾಯಿ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದಳು. ಗುಲಾಬಿಯ ಕೈಯ ಚರ್ಮ ಎರಡೇ ದಿನದಲ್ಲಿ ಸುಲಿಯಿತು.

ಶುಕ್ರವಾರ ವರಲಕ್ಷ್ಮಿ ಅಂಗಡಿಗೆ ಹೋದಾಗ ಗುಲಾಬಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕೇಟರಿಂಗಿನ ಕಾರ್ಡು ನೋಡಿ ಫೋನು ಒತ್ತಿದಳು. ತ್ಯಾಗರಾಜನೇ ಎತ್ತಿಕೊಂಡ. ಸೂಜಿ ಹಾಕಿಸಿಕೊಂಡ್ಯಾ ಎಂದು ಮೊದಲೇ ಕೇಳಿದ.

"ನನಗೆ ಎಲ್ಲಿಂದ ತಂದು ಕೊಟ್ಟೆ?"

"ಚಾರ್ಲಟ್‌ನಲ್ಲಿ. ಮೋಟೆಲ್ ಹತ್ರ. ಹೆಸರೂ ಗೊತ್ತಿಲ್ಲ ಕಣೆ, ಆಣೆ. ಗೊತ್ತಾದ ತಕ್ಷಣ ನಿನ್ನ ಹೆಸರು ಕೊಟ್ಟೆ. ಮುಚ್ಚಿಡಬಾರದು ಅಂದ್ರು."

"ನಮ್ಮ ಅಮ್ಮನದ್ದು ಕೊಟ್ಟೆಯಾ?"

"ವರಲಕ್ಷ್ಮಿಯವರದ್ದಾ?" ಎಂದ ತ್ಯಾಗರಾಜ.

"ಕೇಳಿದ್ದು ನಾನು. ಅವರ ಹೆಸರು ಕೊಟ್ಟೆಯಾ?"

"ಅದು ಹೇಗೆ ಕೊಡಕ್ಕಾಗತ್ತೆ? ಮರ್ಯಾದಸ್ಥರು. ದೊಡ್ಡ ಮನೆಯವರು. ಸಾರ್‌ಗೆ ಗೊತ್ತಾದ್ರೆ ಸಂಸಾರ ಹಾಳಾಗಲ್ವಾ?"

"ನನ್ನದು ಕೊಡಬಹುದಿತ್ತು."

"ನಿಂದು ಬೇರೆ ವಿಷಯ ಅಲ್ವಾ? ನಿಂಗೇನಿದೆ ಹಾಳಾಗಕ್ಕೆ?"

ಗುಲಾಬಿ ಫೋನು ಇಟ್ಟಳು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಅವನು ವರಲಕ್ಷ್ಮಿಯ ಜೊತೆ ಮಲಗಿದ್ದನ್ನು ಗುಲಾಬಿ ಈ ಎರಡು ದಿನದಲ್ಲಿ ಹೇಗೋ ನುಂಗಿದ್ದಳು. ಇದನ್ನು ನುಂಗಲಾಗಲಿಲ್ಲ. ಮೈ ಇಬ್ಬರದ್ದೂ ಬೇಕಾಯಿತು. ಹೆಸರು ಮಾತ್ರ ಒಬ್ಬಳದ್ದನ್ನೇ ಬಚ್ಚಿಟ್ಟು ಕಾಯಬೇಕೆನಿಸಿತು. ವರಲಕ್ಷ್ಮಿಯ ಸೀರೆ, ಒಡವೆ, ಬಣ್ಣ ಯಾವುದಕ್ಕೂ ಗುಲಾಬಿ ಹೀಗೆ ಹೊಟ್ಟೆ ಉರಿದುಕೊಂಡಿರಲಿಲ್ಲ. ಆ ಹೆಸರಿಗೆ ಉರಿದುಕೊಂಡಳು.

ನಿನ್ನ ಹೆಸರು ಕೊಟ್ಟದ್ದರಿಂದಲೇ ನಿನಗೆ ಔಷಧಿ ಸಿಕ್ಕಿತು ಎಂದು ಯಾರಾದರೂ ಹೇಳಬಹುದಿತ್ತು. ಅದು ನಿಜ. ಅವನು ಅದಕ್ಕಾಗಿ ಕೊಟ್ಟಿರಲಿಲ್ಲ.

ಮುಂದಿನ ವಾರ ಬಟ್ಟೆಯ ಬುಟ್ಟಿ ಕೊಡಲು ವರಲಕ್ಷ್ಮಿ ಬೇಸ್‌ಮೆಂಟಿನ ಬಾಗಿಲಿಗೆ ಬಂದಳು. ಬುಟ್ಟಿ ಹಿಡಿದ ಕೈಗಳನ್ನು ಗುಲಾಬಿ ನೋಡಿದಳು. ಅಂಗೈ ತುಂಬ ತಾಮ್ರದ ಬಣ್ಣದ ಚುಕ್ಕೆ.

"ಏನು ನೋಡ್ತಿದೀಯ? ಹೊಸ ಸೋಪು ಅಲರ್ಜಿ ಆಗಿದೆ."

ಬರ್ನೀಸಳ ಪುಸ್ತಕದ ಪುಟ ಕಣ್ಣೆದುರಿಗೆ ಬಂತು. ಗುಲಾಬಿಗೆ ಮೊದಲು ಆದದ್ದು ಸಂತೋಷ. ಬಂತಾ, ನಿನಗೂ ಬಂತಾ ಎಂದು ಮನಸ್ಸು ಕುಣಿಯಿತು. ಆ ಸಂತೋಷ ಮಧ್ಯಾಹ್ನದವರೆಗೆ ಇತ್ತು. ಮೂರೂವರೆಗೆ ಮಾನ್ಯಾ ಶಾಲೆಯಿಂದ ಬಂದಳು. ಅದೇ ಕೈ ಮಗುವಿನ ಬಾಯಿಗೆ ಬಾಳೆಹಣ್ಣು ಮುರಿದಿಟ್ಟಿತು. ಕೈಯಿಂದ ಹಣ್ಣಿಗೆ ಅದು ಹತ್ತುವುದಿಲ್ಲ ಎಂದು ಬರ್ನೀಸ್ ಹೇಳಿದ್ದು ನೆನಪಿತ್ತು. ಆದರೂ ನೋಡುತ್ತಾ ನಿಲ್ಲಲಾಗಲಿಲ್ಲ.

ಮಗು ಟೀವಿ ಮುಂದೆ ಹೋದ ಮೇಲೆ ಗುಲಾಬಿ ಅಡುಗೆಮನೆಗೆ ಬಂದಳು. ಕರೆಯದೆ ಬಂದಳು.

"ಅಮ್ಮ, ಅದು ಸೋಪಿನದ್ದಲ್ಲ."

"ಏನು?"

"ಕೈಯಲ್ಲಿ ಇರುವಂಥದ್ದು. ನನಗೆ ಗೊತ್ತುಂಟು. ನರ್ಸಮ್ಮ ಚಿತ್ರ ತೋರಿಸಿದ್ದಾರೆ. ತ್ಯಾಗರಾಜನದ್ದು ಅದು. ನನಗೂ ನಿಮಗೂ ಒಂದೇ."

ವರಲಕ್ಷ್ಮಿ ಅವಳ ಕೆನ್ನೆಗೆ ಹೊಡೆದಳು. ಬಳೆ ತಾಗಿ ಹುಬ್ಬಿನ ಹತ್ತಿರ ಗೀರಿತು.

ಗುಲಾಬಿ ಕದಲಲಿಲ್ಲ. "ಹೊಡೀರಿ. ಹೊಡೆದರೆ ಅದು ಹೋಗುದಿಲ್ಲ. ಸೂಜಿ ಆಗಬೇಕು. ಸಾರ್ ಬರುವ ಮೊದಲೇ ಆಗಬೇಕು. ಇಲ್ಲದಿದ್ದರೆ ಅವರಿಗೂ."

ಅವಳು ಹಾಗೆ ಹೇಳಿದ್ದು ದಯೆಯಿಂದಲ್ಲ. ಅರ್ಧ ಮಗುವಿನ ಸಲುವಾಗಿ. ಉಳಿದರ್ಧ, ನನಗೆ ಗೊತ್ತು ಎಂದು ಅವಳ ಮುಖದ ಮೇಲೆ ಹೇಳುವುದಕ್ಕಾಗಿ. ಹೇಳಿದ ಮೇಲೆ ಎದೆ ಹಗುರಾಯಿತು.

ವರಲಕ್ಷ್ಮಿ ಸಿಂಕಿನ ಅಂಚು ಹಿಡಿದು ನಿಂತಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು. "ನಿನ್ನ ಜೊತೆ ಎಷ್ಟು ಸಲ?"

"ಒಂದು."

ವರಲಕ್ಷ್ಮಿ ಉಸಿರು ಬಿಟ್ಟಳು. ಆ ಉಸಿರಿನಲ್ಲಿದ್ದ ಸಮಾಧಾನ ಗುಲಾಬಿಗೆ ಕೇಳಿಸಿತು. ಅಂದರೆ ಇವಳ ಜೊತೆ ಒಂದಕ್ಕಿಂತ ಹೆಚ್ಚು. ಗುಲಾಬಿ ಕೆಳಗಿಳಿದು ಹೋಗಿ ತೊಳೆಯುವ ಯಂತ್ರದ ಬಾಗಿಲನ್ನು ದಡಾರನೆ ಮುಚ್ಚಿದಳು.

ಗುಲಾಬಿಯ ಏಡ್ಸ್ ಪರೀಕ್ಷೆಯ ಫಲ ಕೇಳುವ ದಿನ ಮುಂದಿನ ಬುಧವಾರ. ಕೇಶವಮೂರ್ತಿ ನೈರೋಬಿಯಿಂದ ಬರುವುದು ಶುಕ್ರವಾರ. ಬುಧವಾರ ವರಲಕ್ಷ್ಮಿ ಕಾರು ತೆಗೆದಳು. ಕೈಗೆ ಉಣ್ಣೆಯ ಗ್ಲೌಸು ಹಾಕಿದ್ದಳು. ಸೀಟಿನ ಮೇಲೆ ಟವೆಲು ಇರಲಿಲ್ಲ.

ಕ್ಲಿನಿಕ್ಕಿನ ಹಾಲಿನಲ್ಲಿ ಹತ್ತು ಹನ್ನೆರಡು ಜನ ಕುಳಿತಿದ್ದರು. ಗುಲಾಬಿ ತನ್ನ ನಂಬರಿನ ಚೀಟಿ ಹಿಡಿದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಳು. ವರಲಕ್ಷ್ಮಿ ತಲೆಗೆ ಸ್ಕಾರ್ಫ್ ಎಳೆದುಕೊಂಡು ಕಿಟಕಿಯ ಹತ್ತಿರ ಹೋದಳು. ಕಿಟಕಿಯಲ್ಲಿ ಹೊಸ ಗುಮಾಸ್ತ, ಕಿವಿಗೆ ಓಲೆ ಹಾಕಿದ ಬಿಳಿಯ. ಹಿಂದಿನ ಸಲ ಇದ್ದವನಲ್ಲ. ಸಿಫಿಲಿಸ್ ಪರೀಕ್ಷೆಗೆ, ಔಷಧಿಗೆ ಹೆಸರು ಬೇಕು. ಫಾರಂ ಕೊಟ್ಟ. ವರಲಕ್ಷ್ಮಿ ತುಂಬಿ ಕೊಟ್ಟಳು. ಅವಳ ಅಕ್ಷರ ಅವನಿಗೆ ಓದಲಾಗಲಿಲ್ಲ. ಹೆಸರು ಕೇಳಿದ.

"ಗುಲಾಬಿ," ಎಂದಳು ವರಲಕ್ಷ್ಮಿ. "ಜಿ, ಯು, ಎಲ್..."

ತನ್ನನ್ನೇ ಕರೆದರೇನೋ ಎನಿಸಿ ಗುಲಾಬಿ ಎದ್ದು ನಿಂತಳು. ಗುಮಾಸ್ತ ಕಾಗುಣಿತಕ್ಕೆ ತಡವರಿಸುತ್ತಿದ್ದ. ವರಲಕ್ಷ್ಮಿ ಕೈಚೀಲ ತೆರೆದು ನೀಲಿ ರಟ್ಟಿನ ಒಂದು ಪುಸ್ತಕ ತೆಗೆದಳು. ನೋಡಿಕೊಂಡು ಬರೆಯಿರಿ ಎಂದು ಕಿಟಕಿಯೊಳಗೆ ತಳ್ಳಿದಳು.

ಅದು ಪಾಸ್‌ಪೋರ್ಟು. ಗುಲಾಬಿಯದು. ವಾಷಿಂಗ್ಟನ್ನಿನ ಡಲೆಸ್ ವಿಮಾನ ನಿಲ್ದಾಣದಲ್ಲಿ ಇಳಿದ ದಿನ "ನಿನ್ನ ಹತ್ರ ಇದ್ರೆ ಕಳ್ಕೋತೀಯ" ಎಂದು ತೆಗೆದುಕೊಂಡದ್ದು. ಆಮೇಲೆ ಅವಳು ಅದನ್ನು ಕಂಡಿರಲಿಲ್ಲ. ಕೇಳಿದಾಗಲೆಲ್ಲ ಲಾಕರಿನಲ್ಲಿದೆ ಎಂಬ ಉತ್ತರ.

ಗುಲಾಬಿಗೆ ಒಂದೊಂದಾಗಿ ಅರ್ಥವಾಯಿತು. ರಕ್ತ ವರಲಕ್ಷ್ಮಿಯದು, ಹೆಸರು ಗುಲಾಬಿಯದು. ರೋಗ ವರಲಕ್ಷ್ಮಿಯದು, ಕಾಗದ ಗುಲಾಬಿಯದು. ಇವನ ಕಂಪ್ಯೂಟರಿನಲ್ಲಿ ಗುಲಾಬಿಗೆ ಎರಡೆರಡು ಸಲ ಪರಂಗಿ ಹುಣ್ಣು. ವರಲಕ್ಷ್ಮಿ ಕೇಶವಮೂರ್ತಿ ಎಂಬ ಹೆಸರಿನ ಮೇಲೆ ಒಂದು ಚುಕ್ಕೆಯೂ ಇಲ್ಲ. ಎರಡು ವರ್ಷ ಅವಳು ಆ ಮನೆಯ ಕೊಳೆಯನ್ನೆಲ್ಲ ತೆಗೆದಿದ್ದಳು. ಕೂದಲು, ಎಂಜಲು, ಕಕ್ಕಸು, ಮುಟ್ಟಿನ ಬಟ್ಟೆ. ಇದನ್ನೂ ಅವಳೇ ಹೊರಲಿ ಎಂದು ತಂದಿದ್ದಾಳೆ.

ನಾಲ್ಕು ಹೆಜ್ಜೆಯಲ್ಲಿ ಕಿಟಕಿಯ ಹತ್ತಿರ ಹೋದಳು. ವರಲಕ್ಷ್ಮಿಯನ್ನು ಭುಜದಿಂದ ಪಕ್ಕಕ್ಕೆ ಸರಿಸಿದಳು. ಕಿಟಕಿಯೊಳಗೆ ಕೈ ಹಾಕಿ ಗುಮಾಸ್ತನ ಬೆರಳ ಕೆಳಗಿಂದ ಪಾಸ್‌ಪೋರ್ಟು ಎಳೆದುಕೊಂಡಳು. ಫೋಟೋ ಇದ್ದ ಪುಟ ಬಿಡಿಸಿ ತನ್ನ ಮುಖದ ಪಕ್ಕ ಹಿಡಿದಳು.

"ಗುಲಾಬಿ, ಮೀ," ಎಂದಳು. ಹಾಲಿನಲ್ಲಿದ್ದವರೆಲ್ಲ ತಿರುಗಿದರು. "ದಿಸ್ ನಾಟ್ ಗುಲಾಬಿ. ದಿಸ್ ವರಲಕ್ಷ್ಮಿ."

"ಮೆಲ್ಲಗೆ ಮಾತಾಡೇ," ಎಂದಳು ವರಲಕ್ಷ್ಮಿ. ತುಟಿ ಬಿಳಿಚಿತ್ತು. "ಪ್ಲೀಸ್. ನಿಂಗೆ ಏನು ಬೇಕು ಹೇಳು, ಕೊಡ್ತೀನಿ. ಊರಿಗೆ ಹೋಗ್ತೀಯಾ? ಕಳಿಸ್ತೀನಿ. ಹೆಸರು ಒಂದು ಕೊಡು. ಯಾರು ನೋಡ್ತಾರೆ ನಿನ್ನ ಹೆಸರು?"

"ನಾನು ನೋಡ್ತೇನೆ."

"ಗುಲಾಬಿ..."

"ನನ್ನ ಹೆಸರು ಎಲ್ಲರೂ ಕೊಟ್ಟು ಆಯಿತು ಅಮ್ಮ. ಅವನೂ ಕೊಟ್ಟ. ಈಗ ನೀವು. ನಾನು ಯಾರಿಗೂ ಕೊಡಲಿಲ್ಲ. ಇನ್ನು ಕೊಡುದಿಲ್ಲ. ನಿಮ್ಮದು ಬರೀರಿ."

ಗುಮಾಸ್ತ ಇಬ್ಬರನ್ನೂ ನೋಡಿ ಫಾರಂ ಹರಿದು ಬುಟ್ಟಿಗೆ ಹಾಕಿದ. ಹೊಸದೊಂದನ್ನು ಕಿಟಕಿಯಲ್ಲಿಟ್ಟ. ಅಷ್ಟರಲ್ಲಿ ಬರ್ನೀಸ್ ಒಳಗಿನ ಬಾಗಿಲಿನಿಂದ ಗುಲಾಬಿಯ ನಂಬರು ಕೂಗಿದಳು.

ಒಳಗೆ ಬರ್ನೀಸ್ ಚೀಟಿಯನ್ನು ತನ್ನ ಕಾಗದದೊಂದಿಗೆ ತಾಳೆ ನೋಡಿದಳು. ನೆಗೆಟಿವ್ ಎಂದಳು. ಕೈಯಾಡಿಸಿ ಇಲ್ಲ, ಇಲ್ಲ ಎಂದು ಎರಡು ಸಲ ತಿಳಿಸಿದಳು. ಡಿಸೆಂಬರಿನಲ್ಲಿ ಮತ್ತೊಮ್ಮೆ. ಆಮೇಲೆ ಗುಲಾಬಿಯ ಹುಬ್ಬಿನ ಗೀರಿನ ಮೇಲೆ ಬೆರಳಿಟ್ಟು, ಇದು ಯಾರು ಎಂದು ಕೇಳಿದಳು. ಸುಲಿದ ಅಂಗೈಗಳನ್ನು ಬೆಳಕಿಗೆ ಹಿಡಿದು, ಇದು ಏನು ಎಂದಳು.

ಗುಲಾಬಿ ಹೇಳಿದಳು. ಬಾತುಕೋಳಿ, ಸೇಬುಗಳ ಇಂಗ್ಲಿಷಿನಲ್ಲಿ ಹೇಳಿದಳು. ಬೇಸ್‌ಮೆಂಟು, ಆರು ಗಂಟೆ, ಎರಡು ವರ್ಷ. ಬರ್ನೀಸ್ ಒಂದು ಫೋನು ಮಾಡಿದಳು. ಮನೆಯಿಂದ ಹೊರಬಿದ್ದ ಹೆಂಗಸರಿಗೆ ಜಾಗ ಕೊಡುವವರು, ಒಂದು ಗಂಟೆಯಲ್ಲಿ ಕಾರು ತರುತ್ತಾರೆ ಎಂದಳು. ಹೋಗುವುದು ಬಿಡುವುದು ನಿನ್ನಿಷ್ಟ.

ಗುಲಾಬಿ ಹೊರಗೆ ಬಂದು ಕುಳಿತಳು. ವರಲಕ್ಷ್ಮಿ ಎದುರಿನ ಕುರ್ಚಿಯಲ್ಲಿದ್ದಳು. ಗ್ಲೌಸು ತೆಗೆದಿದ್ದಳು. ಫಾರಂ ಮಡಿಲಲ್ಲಿತ್ತು. ತುಂಬಿತ್ತೋ, ಖಾಲಿಯಿತ್ತೋ, ಗುಲಾಬಿಗೆ ಕಾಣಲಿಲ್ಲ.

"ಮಾನ್ಯಾ ಮೂರೂವರೆಗೆ ಬರ್ತಾಳೆ," ಎಂದಳು ವರಲಕ್ಷ್ಮಿ. "ಮನೇಲಿ ಯಾರೂ ಇರಲ್ಲ. ನೀನು ಬರಲ್ವಾ?"

ಬಾಚಣಿಗೆ ಹಿಡಿದ ಮಗುವಿನ ಕೈ ಒಂದು ಕ್ಷಣ ಗುಲಾಬಿಯ ಕಣ್ಣಿಗೆ ಕಟ್ಟಿತು. "ಇಲ್ಲ," ಎಂದಳು.

ವರಲಕ್ಷ್ಮಿ ಎದ್ದು ಕಿಟಕಿಗೆ ಹೋಗಿ ಫಾರಂ ಕೊಟ್ಟು ಬಂದಳು.

ಅವಳ ಬಳೆಗಳನ್ನು ಗುಲಾಬಿ ನೋಡಿದಳು. ಇವುಗಳನ್ನು ತ್ಯಾಗರಾಜ ಹಿಂದೆ ಸರಿಸಿರುತ್ತಾನೆ ಎಂದುಕೊಂಡಳು. ಹೊಟ್ಟೆಯ ಉರಿ ಆರಿರಲಿಲ್ಲ. ಆರುತ್ತದೆಂದು ಅವಳು ಕಾಯಲೂ ಇಲ್ಲ. ಪಾಸ್‌ಪೋರ್ಟನ್ನು ಸ್ವೆಟರಿನೊಳಗೆ, ಬರಿಮೈಗೆ ತಾಗುವಂತೆ ಇಟ್ಟುಕೊಂಡಳು.

ಅರ್ಧ ಗಂಟೆಯ ಮೇಲೆ ಬರ್ನೀಸ್ ಕಾಗದ ಹಿಡಿದು ಬಾಗಿಲಿಗೆ ಬಂದಳು. ಕನ್ನಡಕ ಸರಿಮಾಡಿಕೊಂಡು ಓದಲು ಹೆಣಗಿದಳು.

"ವರಾ... ವರಾಲಕ್... ವರಾಲಕ್ಷಮೀ?"

ಯಾರೂ ಏಳಲಿಲ್ಲ. ಬರ್ನೀಸ್ ಇನ್ನಷ್ಟು ಗಟ್ಟಿಯಾಗಿ ಕೂಗಿದಳು. ಹಾಲಿನ ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಗುಲಾಬಿಯ ಕಡೆಗೂ ನೋಡಿದರು. ಗುಲಾಬಿ ತಲೆ ತಗ್ಗಿಸಲಿಲ್ಲ.

ಮೂರನೆಯ ಸಲ ಕೂಗಿದಾಗ ಎದುರಿನ ಕುರ್ಚಿ ಸದ್ದು ಮಾಡಿತು. "ಯೆಸ್," ಎಂದಳು ವರಲಕ್ಷ್ಮಿ, ಮತ್ತು ಒಳಗೆ ಹೋದಳು.